ಊರು ಬಿಟ್ಟ ಕೈಗಳು, ಊರಲ್ಲುಳಿದ ಹೊಲ

ಬೆಳಗಿನ ಏಳರ ಹೊತ್ತಿಗೆ ಕುಂದಗೋಳ, ನವಲಗುಂದ, ಕಲಘಟಗಿ ಕಡೆಗಳಿಂದ ಹುಬ್ಬಳ್ಳಿಗೆ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗೌಂಡಿ ಕೆಲಸದವರು, ಹಮಾಲರು, ಕಾರಖಾನೆಯ ಪಾಳಿಗೆ ಹೊರಟ ಹುಡುಗರು, ಅಂಗಡಿಗಳಲ್ಲಿ ದುಡಿಯುವವರು. ಎಲ್ಲರ ಕೈಯಲ್ಲೂ ಬುತ್ತಿಯ ಡಬ್ಬಿ. ಸರಿಸುಮಾರು ಅದೇ ಹೊತ್ತಿಗೆ ಅದೇ ಊರುಗಳ ಅಗಸಿಯಿಂದ ಟಂಟಂ ಗಾಡಿಗಳು ಹೊಲದ ದಾರಿ ಹಿಡಿಯುತ್ತವೆ. ಅವುಗಳಲ್ಲಿ ಒತ್ತಿಕೊಂಡು ಕುಳಿತವರು ಬಹುತೇಕ ಹೆಣ್ಣುಮಕ್ಕಳು. ಇನ್ನಾವುದೋ ಊರಿನ ಹೊಲದಲ್ಲಿ ಕಸ ತೆಗೆಯುವ ಗುತ್ತಿಗೆ ಅವರದು. ಊರೊಳಗೆ ಉಳಿಯುವವರು ಮುದುಕರು ಮತ್ತು ಮಕ್ಕಳು. ‘ಹೊಲಾ ಮಾಡಾಕ ಆಳ ಸಿಗಂಗಿಲ್ಲ’ ಎಂಬ ಮಾತು ಯಾವ ಕಟ್ಟೆಯ ಮೇಲೆ ಕುಳಿತರೂ ಕಿವಿಗೆ ಬೀಳುತ್ತದೆ.

ಜನ ಊರು ಬಿಟ್ಟರೆ ಹೊಲ ಬೀಳು ಬೀಳುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಧಾರವಾಡ ಸೀಮೆಯ ರಸ್ತೆಗಳಲ್ಲಿ ಮುಂಗಾರಿನಲ್ಲಿ ಓಡಾಡಿದವರಿಗೆ ಬಿತ್ತದೆ ಬಿಟ್ಟ ಹೊಲ ಕಣ್ಣಿಗೆ ಬೀಳುವುದು ಅಪರೂಪ. ಎಲ್ಲೆಡೆ ಹಸಿರೇ. ಹಾಗಾದರೆ ಊರು ಬಿಟ್ಟವರ ಹೊಲದಲ್ಲಿ ಬದಲಾದದ್ದೇನು? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗುಳೆಯ ಎರಡು ಅರ್ಥ

ಇಂದು ‘ಗುಳೆ’ ಎಂದರೆ ದುಡಿಮೆ ಹುಡುಕಿ ಗೋವಾಕ್ಕೋ ಬೆಂಗಳೂರಿಗೋ ಹೋಗುವುದು. ಹಿಂದೆ ಈ ಶಬ್ದಕ್ಕೆ ಇದಕ್ಕಿಂತ ಕ್ರೂರವಾದ ಅರ್ಥವಿತ್ತು. ದಂಡು ಬಂದಾಗ, ಕಂದಾಯದ ಕಾಟ ಮಿತಿಮೀರಿದಾಗ, ಮಳೆ ಕೈಕೊಟ್ಟಾಗ ಊರಿಗೆ ಊರೇ ದನಕರು ಹೊಡೆದುಕೊಂಡು ಎದ್ದು ಹೋಗುವುದೇ ಗುಳೆ. ಆಗ ಹೊಲ ನಿಜವಾಗಿಯೂ ಪಾಳು ಬೀಳುತ್ತಿತ್ತು. ಬ್ರಿಟಿಷರ ಕೈಗೆ ಈ ಸೀಮೆ ಬಂದಾಗ ಉಳುವವರಿಲ್ಲದ ಭೂಮಿಯೇ ಅವರ ದೊಡ್ಡ ಚಿಂತೆಯಾಗಿತ್ತು. 1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಇಲ್ಲಿ ರೈತವಾರಿ ಮೋಜಣಿ ಆರಂಭವಾಗಿ, ಮಣ್ಣಿನ ಗುಣ ನೋಡಿ ಕಂದಾಯ ಕಟ್ಟಿದ ಮೇಲೆ ಪಾಳು ಹೊಲಗಳು ಮತ್ತೆ ಸಾಗುವಳಿಗೆ ಬಂದವು. ಮುಂದೆ 1876-78ರ ಭೀಕರ ಬರ ಆ ಲೆಕ್ಕವನ್ನೆಲ್ಲ ಕೆಡಿಸಿತು. 1872ರಲ್ಲಿ ಇದ್ದುದಕ್ಕಿಂತ 1881ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು. ಮನುಷ್ಯರ ಜೊತೆಗೆ ಎತ್ತುಗಳೂ ಸತ್ತಿದ್ದವು. ಉಳಿದವರಿಗೆ ಹೊಲವಿತ್ತು, ಅದನ್ನು ಉಳುವ ಶಕ್ತಿ ಇರಲಿಲ್ಲ.

ಈ ಬರದ ಬೆನ್ನಿಗೇ ಇನ್ನೊಂದು ಬಗೆಯ ಹೋಗುವಿಕೆ ಶುರುವಾಯಿತು. ಅದಕ್ಕೆ ಕಾರಣ ಹತ್ತಿ ಮತ್ತು ರೈಲು. ಎರಿ ಭೂಮಿಯ ಹತ್ತಿಯ ಮೇಲೆ ಇಂಗ್ಲೆಂಡಿನ ಗಿರಣಿಗಳ ಕಣ್ಣು ಮೊದಲಿನಿಂದಲೂ ಇತ್ತು. 1840ರ ದಶಕದ ಆರಂಭದಲ್ಲಿ ಮರ್ಸರ್ ಎಂಬ ಅಮೆರಿಕದ ಪ್ಲಾಂಟರ್ ಹುಬ್ಬಳ್ಳಿಯ ಪಕ್ಕದ ಕುಸುಗಲ್ಲಿನಲ್ಲಿ ಅಮೆರಿಕದ ಹತ್ತಿಬೀಜ ಬಿತ್ತಿ ಪ್ರಯೋಗ ನಡೆಸಿದ್ದ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ‘ಧಾರವಾಡ-ಅಮೆರಿಕನ್’ ಎಂದೇ ಹೆಸರಾದ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಹತ್ತಿಯನ್ನು ಬಂದರಿಗೆ ಸಾಗಿಸುವ ಆಸೆಯೂ, ಬರಗಾಲದ ಪಾಠವೂ ಸೇರಿ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಭಾಗಕ್ಕೆ ಬಂತು. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕಶಾಪು ತೆರೆಯಿತು. ಹಿಂಜುವ, ಒತ್ತುವ, ನೂಲುವ ಕಾರಖಾನೆಗಳು ಒಂದೊಂದಾಗಿ ತಲೆ ಎತ್ತಿದವು. ತಿಂಗಳು ತುಂಬಿದೊಡನೆ ಕೈಗೆ ರೊಕ್ಕ ಬರುವ ದುಡಿಮೆ ಈ ಸೀಮೆಯ ಒಕ್ಕಲು ಮಕ್ಕಳಿಗೆ ಮೊದಲ ಸಲ ಸಿಕ್ಕಿತು.

1901ರಲ್ಲಿ ಹುಬ್ಬಳ್ಳಿಯ ಜನಸಂಖ್ಯೆ 60,214, ಧಾರವಾಡದ್ದು 31,279. 1962ರಲ್ಲಿ ಎರಡೂ ಊರು ಕೂಡಿ ಒಂದೇ ಮಹಾನಗರಪಾಲಿಕೆಯಾದವು. 2011ರ ಜನಗಣತಿಯಲ್ಲಿ ಅವಳಿನಗರದ ಜನಸಂಖ್ಯೆ 9,43,788 ಆಗಿತ್ತು. ನೂರ ಹತ್ತು ವರ್ಷಗಳಲ್ಲಿ ಹತ್ತು ಪಟ್ಟು. ಇಷ್ಟು ಜನರೆಲ್ಲ ಸುತ್ತಲಿನ ಹಳ್ಳಿಗಳಿಂದಲೇ ಬಂದವರಲ್ಲ. ಆದರೆ ಹಳ್ಳಿಯಲ್ಲಿ ಒಂದು ತುಂಡು ಹೊಲ ಇಲ್ಲವೇ ಹೊಲದ ನೆನಪು ಇಟ್ಟುಕೊಂಡವರ ಸಂಖ್ಯೆ ಸಣ್ಣದೇನಲ್ಲ.

ಕುತೂಹಲದ ಸಂಗತಿಯೆಂದರೆ, ಮೊದಲ ಐವತ್ತು ಅರವತ್ತು ವರ್ಷ ಈ ಹೋಗುವಿಕೆಯಿಂದ ಹೊಲಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ಕೂಡುಮನೆಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರಿದ್ದರೆ ಒಬ್ಬ ವರ್ಕಶಾಪಿಗೆ ಹೋದ, ಉಳಿದವರು ಕೂರಿಗೆ ಹಿಡಿದರು. ಒಬ್ಬನ ಪಗಾರ ಬರಗಾಲದ ವರ್ಷ ಮನೆಯ ಎತ್ತು ಮಾರದಂತೆ ಕಾಪಾಡಿತು. ಅಲ್ಲದೆ ಪೇಟೆಯೇ ಹೊಲಕ್ಕೆ ಓಡಿಬಂದ ಕಾಲವೂ ಇತ್ತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹೆಣಗಳ ಸಾಲು ಹಾಕಿದಾಗ ಜನ ಮನೆಗಳಿಗೆ ಕೀಲಿ ಹಾಕಿ ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು.

ಚಿತ್ರ ಬದಲಾದದ್ದು ಸ್ವಾತಂತ್ರ್ಯಾನಂತರ, ಅದರಲ್ಲೂ 1970ರ ದಶಕದಿಂದೀಚೆಗೆ. 1961ರಲ್ಲಿ ಗೋವಾ ಮುಕ್ತವಾಗಿ ಅಲ್ಲಿ ಕಟ್ಟಡ, ಗಣಿ, ಹೋಟೆಲುಗಳ ಕೆಲಸ ಬೆಳೆಯಿತು. ಗೋಕುಲ ರಸ್ತೆ, ರಾಯಾಪುರ, ತಾರಿಹಾಳ, ಬೇಲೂರುಗಳಲ್ಲಿ ಕೈಗಾರಿಕಾ ಪ್ರದೇಶಗಳಾದವು. ಇತ್ತ ಕೂಡುಮನೆಗಳು ಒಡೆದು ಹೊಲ ಹರಿದು ಹಂಚಿಹೋಯಿತು. ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1970-71ರಲ್ಲಿ 3.20 ಹೆಕ್ಟೇರ್ ಇದ್ದುದು 2015-16ಕ್ಕೆ 1.36 ಹೆಕ್ಟೇರಿಗೆ ಇಳಿದಿದೆ. ಮೂರು ಎಕರೆ ಚಿಲ್ಲರೆ ಎರಿ ಹೊಲ, ಅದೂ ಮಳೆಯಾಶ್ರಿತ, ಒಂದು ಕುಟುಂಬವನ್ನು ವರ್ಷಪೂರ್ತಿ ಸಾಕುವುದಿಲ್ಲ. ಮಗ ಪೇಟೆಗೆ ಹೋಗಲೇಬೇಕು.

ಲಾವಣಿಯ ಹೊಲ

ಹೋಗುವವನು ಹೊಲವನ್ನು ಏನು ಮಾಡಬೇಕು? ಇಲ್ಲಿಂದಲೇ ನಿಜವಾದ ತೊಡಕು ಆರಂಭವಾಗುತ್ತದೆ.

ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದು ಗೇಣಿಯಲ್ಲಿದ್ದ ಭೂಮಿ ಸರ್ಕಾರದ ವಶವಾಗಿ, ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದ ಗೇಣಿದಾರನಿಗೆ ಅದರ ಒಡೆತನ ಸಿಗುವ ಹಾದಿ ತೆರೆಯಿತು. ಅರ್ಜಿಯ ಗಡುವು ಕೊನೆಗೆ 1979ರ ಜೂನ್ 30ರವರೆಗೆ ಹಿಗ್ಗಿತು. ತಲೆತಲಾಂತರದಿಂದ ಇನ್ನೊಬ್ಬರ ಹೊಲ ಉತ್ತವರ ಹೆಸರು ಉತಾರದಲ್ಲಿ ಮೂಡಿದ್ದು ಸಣ್ಣ ಮಾತಲ್ಲ. ರಾಜ್ಯದ ಇತಿಹಾಸದಲ್ಲಿ ಅಂಥ ಕಾನೂನುಗಳು ಕೆಲವೇ. ಆದರೆ ಅದೇ ಕಾಯ್ದೆ ಮುಂದಿನ ಗೇಣಿಯನ್ನೂ ನಿಷೇಧಿಸಿತು. ಸೈನಿಕರಿಗೆ, ಹಡಗಿನ ಕೆಲಸದವರಿಗೆ ಮಾತ್ರ ವಿನಾಯಿತಿ. ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗುವವನು ಕಾಯ್ದೆ ಬರೆದವರ ಕಣ್ಣೆದುರು ಇರಲಿಲ್ಲ. ಅವರ ಮನಸ್ಸಿನಲ್ಲಿ ಊರು ಬಿಟ್ಟು ಪೇಟೆಯಲ್ಲಿ ಕೂತ ಒಡೆಯ ಎಂದರೆ ನೂರಾರು ಎಕರೆಯ ಧಣಿ. ಎರಡೆಕರೆಯ ಬಡವನೂ ಒಂದು ದಿನ ಊರು ಬಿಟ್ಟ ಒಡೆಯನಾಗುತ್ತಾನೆ ಎಂಬುದು ಆಗ ಯಾರಿಗೂ ಹೊಳೆದಂತಿಲ್ಲ.

ಕಾನೂನು ಬೇಡವೆಂದರೂ ಗೇಣಿ ನಿಲ್ಲಲಿಲ್ಲ. ಅದು ಬಾಯಿಮಾತಿಗೆ ಇಳಿಯಿತು. ಈ ಭಾಗದಲ್ಲಿ ಅದನ್ನು ‘ಲಾವಣಿ’ ಎನ್ನುತ್ತಾರೆ. ಎಕರೆಗೆ ಇಷ್ಟು ಎಂದು ಯುಗಾದಿಯ ಸುತ್ತಮುತ್ತ ಮಾತಾಗುತ್ತದೆ, ರೊಕ್ಕ ಕೈಬದಲಾಗುತ್ತದೆ, ಕಾಗದ ಪತ್ರ ಏನೂ ಇರುವುದಿಲ್ಲ. ಕೆಲವೆಡೆ ರೊಕ್ಕದ ಬದಲು ಬೆಳೆಯಲ್ಲಿ ಪಾಲು. ಬೇರೆಯವನೊಬ್ಬ ಒಂದೇ ಹೊಲವನ್ನು ಐದಾರು ವರ್ಷ ಸತತ ಮಾಡಿದರೆ ಎಲ್ಲಿ ಹಕ್ಕು ಸಾಧಿಸುತ್ತಾನೋ ಎಂಬ ಅಂಜಿಕೆ ಪೇಟೆಯಲ್ಲಿದ್ದವನಿಗೆ. ಆದ್ದರಿಂದ ಕರಾರು ಒಂದೇ ವರ್ಷದ್ದು, ಮುಂದಿನ ವರ್ಷ ಇನ್ನೊಬ್ಬನಿಗೆ.

ಹೊಲದ ಮೈಮೇಲೆ ಇದರ ಪರಿಣಾಮ ಹೇಗಾಗುತ್ತದೆ ನೋಡಿ. ಎರಿ ಹೊಲಕ್ಕೆ ಹೇರಿದ ತಿಪ್ಪೆಗೊಬ್ಬರದ ಸತ್ವ ಎರಡು ಮೂರು ವರ್ಷ ಮಣ್ಣಿನಲ್ಲಿರುತ್ತದೆ. ಒಂದು ವರ್ಷಕ್ಕೆಂದು ಹೊಲ ಹಿಡಿದವನು ಮುಂದಿನವನಿಗಾಗಿ ಗೊಬ್ಬರ ಹೇರುವುದಿಲ್ಲ. ಅವನು ಹಾಕುವುದು ಅದೇ ವರ್ಷ ಫಲ ಕೊಡುವ ಯೂರಿಯಾ, ಡಿಎಪಿ. ಬದು ಒಡೆದರೆ ಕಟ್ಟುವುದಿಲ್ಲ, ಕೋಡಿಯ ಕಲ್ಲು ಕಿತ್ತುಹೋದರೆ ಮತ್ತೆ ಜೋಡಿಸುವುದಿಲ್ಲ. ಕರಿಕೆ ಬಿದ್ದ ಹೊಲವನ್ನು ಬೇಸಿಗೆಯಲ್ಲಿ ಆಳಕ್ಕೆ ಅಗೆಸಿ ಬೇರು ಆರಿಸುವುದು ಹಲವು ವರ್ಷದ ಲಾಭಕ್ಕಾಗಿ ಮಾಡುವ ಖರ್ಚು. ಅದನ್ನು ಯಾರು ಮಾಡಬೇಕು? ಕುರಿಹಿಂಡು ತರುಬಿಸುವ ಮಾತುಕತೆಗೆ ಹೊಲದ ಒಡೆಯ ಊರಲ್ಲೇ ಇರುವುದಿಲ್ಲ. ಹೊಲ ಬಿತ್ತನೆಯಾಗುತ್ತದೆ, ಬೆಳೆಯೂ ಬರುತ್ತದೆ, ದೂರದಿಂದ ನೋಡಿದರೆ ಹಸಿರೇ. ಆದರೆ ಅದಕ್ಕೆ ಹತ್ತು ವರ್ಷದ ಲೆಕ್ಕ ಇಟ್ಟು ನೋಡುವ ಒಬ್ಬ ಮನುಷ್ಯ ಇಲ್ಲದಂತಾಗಿದೆ.

ಲಾವಣಿ ಹಿಡಿದವನ ಪಾಡೂ ಸುಖದ್ದಲ್ಲ. ಪಹಣಿಯ 9ನೇ ಕಾಲಮ್ಮಿನಲ್ಲಿ ಒಡೆಯನ ಹೆಸರಿರುತ್ತದೆ, 12ನೇ ಕಾಲಮ್ಮು ಸಾಗುವಳಿ ಮಾಡುವವನದು. ಬಾಯಿಮಾತಿನ ಲಾವಣಿದಾರನ ಹೆಸರು ಆ 12ನೇ ಕಾಲಮ್ಮಿಗೆ ಏರುವುದೇ ಇಲ್ಲ, ಏರಲು ಯಾವ ಒಡೆಯನೂ ಬಿಡುವುದಿಲ್ಲ. ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ ಎಲ್ಲಕ್ಕೂ ಆಧಾರ ಪಹಣಿ. 2019ರಲ್ಲಿ ಆರಂಭವಾದ ಕೇಂದ್ರದ ಕಿಸಾನ್ ಸಮ್ಮಾನ್ ಯೋಜನೆಯ ವರ್ಷಕ್ಕೆ ಆರು ಸಾವಿರ ರೂಪಾಯಿ ಕೂಡ ಭೂಮಿಯ ಹೆಸರಿದ್ದ ಕುಟುಂಬಕ್ಕೇ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ 2023ರಂಥ ವರ್ಷದಲ್ಲಿ ಬೀಜ, ಗೊಬ್ಬರ, ಲಾವಣಿಯ ರೊಕ್ಕ ಮೂರನ್ನೂ ಕಳೆದುಕೊಳ್ಳುವವನು ಒಬ್ಬ, ಪರಿಹಾರ ಜಮೆಯಾಗುವುದು ಇನ್ನೊಬ್ಬನ ಖಾತೆಗೆ. ಇಬ್ಬರ ನಡುವೆ ಸ್ನೇಹವಿದ್ದರೆ ಹಂಚಿಕೊಂಡಾರು. ಸ್ನೇಹದ ಮೇಲೆ ನಿಂತ ವ್ಯವಸ್ಥೆ ಎಷ್ಟು ದಿನ ನಿಂತೀತು?

2020ರಲ್ಲಿ ಕಾಯ್ದೆಗೆ ಮತ್ತೆ ತಿದ್ದುಪಡಿ ಬಂತು. ಒಕ್ಕಲಿಗರಲ್ಲದವರೂ ಹೊಲ ಕೊಳ್ಳಬಹುದು ಎಂದಾಯಿತು. ಹೊಲ ಮಾರುವ ಬಾಗಿಲು ಹೀಗೆ ಅಗಲವಾಯಿತು. ಮಾರದೆ ಇನ್ನೊಬ್ಬನಿಗೆ ನಾಲ್ಕಾರು ವರ್ಷ ನಿಶ್ಚಿಂತೆಯಿಂದ ಒಪ್ಪಿಸಿ ಹೋಗುವ ಬಾಗಿಲನ್ನು ಆ ತಿದ್ದುಪಡಿ ತೆರೆಯಲಿಲ್ಲ.

ಎತ್ತು ಹೋದ ಮೇಲೆ

ಕೈಗಳು ಊರು ಬಿಟ್ಟಾಗ ಮನೆಯಿಂದ ಮೊದಲು ಹೋಗುವುದು ಎತ್ತು. ಜೋಡಿ ಎತ್ತು ಸಾಕಲು ವರ್ಷದ 365 ದಿನವೂ ಒಬ್ಬ ಗಟ್ಟಿ ಆಳು ಬೇಕು. ಮೇವು ಹಾಕಬೇಕು, ನೀರು ಕುಡಿಸಬೇಕು, ಸಗಣಿ ಬಳಿಯಬೇಕು, ಮೈ ತೊಳೆಯಬೇಕು. ಹಿಂದೆ ಈ ಕೆಲಸವನ್ನು ಬಹುಮಟ್ಟಿಗೆ ವರ್ಷದ ಸಂಬಳಕ್ಕಿದ್ದ ಆಳುಮಗ ಮಾಡುತ್ತಿದ್ದ. ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಆಳುಮಗನ ಸಂಬಳ ಅನೇಕ ಸಲ ಅವನ ಅಪ್ಪ ಮಾಡಿದ ಸಾಲಕ್ಕೇ ವಜಾ ಆಗುತ್ತಿತ್ತು. ಜೀತ ನಿರ್ಮೂಲನ ಕಾಯ್ದೆ ಬಂದದ್ದು 1976ರಲ್ಲಿ. ಆದರೆ ಅನೇಕರನ್ನು ಜೀತದಿಂದ ನಿಜವಾಗಿ ಬಿಡಿಸಿದ್ದು ಪೇಟೆಗೆ ಹೋಗುವ ಬಸ್ಸು. ‘ಆಳು ಸಿಗುವುದಿಲ್ಲ’ ಎಂದು ಗೊಣಗುವ ಧ್ವನಿಯಲ್ಲಿ ಎಷ್ಟು ಪಾಲು ಹೊಲದ ಚಿಂತೆ, ಎಷ್ಟು ಪಾಲು ಹಳೆಯ ದರಕ್ಕೆ ಸಿಗುವುದಿಲ್ಲವೆಂಬ ಸಿಟ್ಟು ಎಂಬುದನ್ನು ಕೇಳುವವರು ತೂಗಿ ನೋಡಬೇಕಾಗುತ್ತದೆ.

ಅದಿರಲಿ. ಎತ್ತು ಹೋಯಿತು ಎಂದರೆ ಕಣಕಿಯ ಅಗತ್ಯ ಹೋಯಿತು. ಹಿಂಗಾರಿ ಬಿಳಿಜೋಳವನ್ನು ಈ ಭಾಗದ ರೈತ ಬೆಳೆಯುತ್ತಿದ್ದುದು ಅರ್ಧ ರೊಟ್ಟಿಗಾಗಿ, ಅರ್ಧ ದನಗಳ ಮೇವಿಗಾಗಿ. ಜೋಳ ಕೀಳುವುದು, ತೆನೆ ಮುರಿಯುವುದು, ಸಿವುಡು ಕಟ್ಟುವುದು, ಬಣವಿ ಒಟ್ಟುವುದು ಎಲ್ಲವೂ ಸೊಂಟ ಮುರಿಯುವ ಕೆಲಸ. ಹಟ್ಟಿಯಲ್ಲಿ ದನವಿಲ್ಲ, ರೇಷನ್ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ಕೀಳುವ ಕೈಯೂ ಇಲ್ಲ. ಹೀಗಿರುವಾಗ ಜೋಳ ಯಾರಿಗೆ ಬೇಕು? ಜೋಳ ಹೋದಂತೆ ಮೇವು ಕಡಿಮೆಯಾಗಿ ಉಳಿದ ನಾಲ್ಕು ದನಗಳನ್ನು ಸಾಕುವುದೂ ದುಬಾರಿಯಾಯಿತು. ದನ ಹೋದ ಮೇಲೆ ತಿಪ್ಪೆ ಬರಿದಾಯಿತು. ಒಂದು ಎಳೆ ಎಳೆದರೆ ಇಡೀ ಕೌದಿ ಬಿಚ್ಚಿಕೊಂಡ ಹಾಗೆ. ಇತ್ತ ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ಕಟಕಟಿ ಜೋಳದ ರೊಟ್ಟಿಯ ಕಟ್ಟುಗಳು ಮಾರಾಟಕ್ಕಿರುತ್ತವೆ. ಅವನ್ನು ಕೊಳ್ಳುವವರಲ್ಲಿ ಊರಲ್ಲಿ ಹೊಲ ಇದ್ದವರೂ ಇದ್ದಾರೆ.

ಜೋಳದ, ಹತ್ತಿಯ ಜಾಗಕ್ಕೆ ಬಂದ ಬೆಳೆಗಳನ್ನು ನೋಡಿದರೆ ಕೈಗಳ ಲೆಕ್ಕ ಇನ್ನಷ್ಟು ಸ್ಪಷ್ಟವಾಗುತ್ತದೆ. 1972ರಲ್ಲಿ ಧಾರವಾಡದಲ್ಲೇ ಹುಟ್ಟಿದ ವರಲಕ್ಷ್ಮಿ, ಆಮೇಲೆ 1981ರಲ್ಲಿ ಬಂದ ಜಯಲಕ್ಷ್ಮಿ ಮಿಶ್ರತಳಿ ಹತ್ತಿಗಳು ಈ ಸೀಮೆಗೆ ರೊಕ್ಕ ತಂದವು ನಿಜ. ಆದರೆ ಅವು ಕೈತುಂಬ ಆಳು ಬೇಡುವ ಬೆಳೆಗಳು. ಹತ್ತಿ ಬಿಡಿಸುವುದಕ್ಕೆ, ಮೆಣಸಿನಕಾಯಿ ಹರಿಯುವುದಕ್ಕೆ ಇಲ್ಲಿಯ ಹೊಲಗಳಲ್ಲಿ ಇಂದಿಗೂ ಕೈಯೇ ಗತಿ. ಗೋವಿನಜೋಳ ಮತ್ತು ಸೋಯಾ ಅವರೆ ಹಾಗಲ್ಲ. ಟ್ರ್ಯಾಕ್ಟರಿನ ಕೂರಿಗೆಯಲ್ಲಿ ಬಿತ್ತಬಹುದು, ಕಳೆಗೆ ಎಣ್ಣೆ ಹೊಡೆಯಬಹುದು, ಯಂತ್ರಕ್ಕೆ ಹಾಕಿ ರಾಶಿ ಮಾಡಬಹುದು. ಕಲಘಟಗಿ ಮತ್ತು ಧಾರವಾಡ ತಾಲ್ಲೂಕಿನ ಪಶ್ಚಿಮದ ಅರೆಮಲೆನಾಡಿನಲ್ಲಿ ಕೂರಿಗೆ ಭತ್ತ ಬಿತ್ತುತ್ತಿದ್ದ ಹೊಲಗಳಲ್ಲೂ ಗೋವಿನಜೋಳ ಬಂದಿದೆ. ಪೂರ್ವದ ಬಯಲಿನಲ್ಲಿ ಹಿಂಗಾರಿಗೆ ಕಡಲೆ. 2010ರ ದಶಕದಲ್ಲಂತೂ ಕೊಯ್ಯುವ ಯಂತ್ರದ ಬಾಯಿಗೆ ಸಿಗುವಂತೆ ಎತ್ತರಕ್ಕೆ ಬೆಳೆಯುವ ಕಡಲೆ ತಳಿಗಳನ್ನೇ ವಿಜ್ಞಾನಿಗಳು ರೂಪಿಸಿದರು. ಮೊದಲು ಬೆಳೆಗೆ ತಕ್ಕ ಆಳು ಹುಡುಕುತ್ತಿದ್ದರು, ಈಗ ಆಳಿಲ್ಲದಿರುವಿಕೆಗೆ ತಕ್ಕ ಬೆಳೆ ಹುಡುಕುತ್ತಾರೆ.

ಇದರಲ್ಲಿ ಸದ್ದಿಲ್ಲದೆ ಮಾಯವಾದದ್ದು ಅಕ್ಕಡಿ ಸಾಲು. ನಾಲ್ಕಾರು ಸಾಲು ಮುಖ್ಯ ಬೆಳೆಗೆ ಒಂದು ಸಾಲು ತೊಗರಿ, ಅಂಚಿಗೆ ಕುಸುಬಿ, ನಡುನಡುವೆ ಅಲಸಂದಿ, ಮಡಕಿ, ಅಗಸಿ. ಮನೆಯ ಬೇಳೆ, ಎಣ್ಣೆ ಎಲ್ಲವೂ ಅದೇ ಹೊಲದಿಂದ. ಗೋವಿನಜೋಳಕ್ಕೆ ಹೊಡೆಯುವ ಅಟ್ರಾಜಿನ್ ಎಂಬ ಕಳೆನಾಶಕಕ್ಕೆ ಅಗಲ ಎಲೆಯ ಗಿಡಗಳೆಲ್ಲ ಕಳೆಯೇ. ಅದಕ್ಕೆ ತೊಗರಿ, ಅಲಸಂದಿಯ ಗುರುತು ಸಿಗುವುದಿಲ್ಲ. ಕಸ ತೆಗೆಯುವ ಹೆಣ್ಣುಮಗಳಿಗೆ ಆ ಗುರುತು ಇತ್ತು.

ಪೇಟೆಯ ಅಂಚಿನಲ್ಲಿ

ಅವಳಿನಗರದ ಅಂಚಿನ ಹೊಲಗಳ ಕಥೆ ಬೇರೆ. ಉಣಕಲ್ಲು, ಅಮರಗೋಳ, ಸತ್ತೂರು, ನವಲೂರುಗಳ ರೈತ ಪೇಟೆಗೆ ಹೋಗಬೇಕಾಗಲಿಲ್ಲ, ಪೇಟೆಯೇ ಅವನಲ್ಲಿಗೆ ಬಂತು. ನವಲೂರಿನ ಪೇರಲಹಣ್ಣು ಈ ಭಾಗದಲ್ಲಿ ಮನೆಮಾತು. ಹುಬ್ಬಳ್ಳಿ-ಧಾರವಾಡ ರಸ್ತೆಯ ಬದಿ ಬುಟ್ಟಿ ಇಟ್ಟು ಮಾರುವ ಅಲ್ಲಿಯ ಹೆಣ್ಣುಮಕ್ಕಳು ಎಲ್ಲರಿಗೂ ಪರಿಚಿತ. ಆದರೆ ತೋಟದ ಪಕ್ಕದ ಹೊಲ ‘ಎನ್.ಎ.’ ಆಗಿ ಪ್ಲಾಟು ಬಿದ್ದರೆ, ಬೇಸಾಯದ ಯಾವ ಲೆಕ್ಕವೂ ಪ್ಲಾಟಿನ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಇಲ್ಲಿ ಹೊಲ ನಿಜವಾಗಿಯೂ ಬೀಳು ಬೀಳುತ್ತದೆ. ಉಳುವವರು ಇಲ್ಲವೆಂದಲ್ಲ, ಗಿರಾಕಿ ಬರಲಿ ಎಂದು. ಜಾಲಿಕಂಟಿ ಬೆಳೆದ ಇಂಥ ಹೊಲಗಳು ಬೈಪಾಸು ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತವೆ.

ನೆರೆಯ ಕೇರಳದಲ್ಲಿ ಇದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕೊಲ್ಲಿ ರಾಷ್ಟ್ರಗಳಿಗೆ ಜನ ಹೊರಟ 1970ರ ದಶಕದ ನಡುಭಾಗದಲ್ಲಿ ಅಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತದ ಬೆಳೆಯಿತ್ತು. 2010ರ ದಶಕಕ್ಕೆ ಅದು ಎರಡು ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿಯಿತು. ಗದ್ದೆಗಳು ತೆಂಗು, ರಬ್ಬರ್, ಮನೆಗಳಾದವು. 2008ರಲ್ಲಿ ಗದ್ದೆ ಉಳಿಸಲೆಂದೇ ಅಲ್ಲಿ ಕಾಯ್ದೆ ತರಬೇಕಾಯಿತು. ಧಾರವಾಡದ ಬಯಲಿಗೆ ಆ ಗತಿ ಬಂದಿಲ್ಲ. ಮಳೆ ಕಡಿಮೆ, ತೋಟ ಏಳುವುದು ಸುಲಭವಲ್ಲ, ಕೊಲ್ಲಿಯ ರೊಕ್ಕವೂ ಇಲ್ಲ. ಇಲ್ಲಿಯ ಬದಲಾವಣೆ ಕಣ್ಣಿಗೆ ಹೊಡೆಯುವಂಥದ್ದಲ್ಲ, ಹಾಗಾಗಿಯೇ ಅದರ ಮಾತು ಕಡಿಮೆ.

2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಆದಾಗ ಗೋವಾ, ಬೆಂಗಳೂರು, ಪುಣೆಗಳಿಂದ ಜನ ಊರಿಗೆ ಮರಳಿದರು. 1898ರ ಪ್ಲೇಗಿನ ಹಾಗೆ ಮತ್ತೊಮ್ಮೆ ಪೇಟೆ ಹೊಲದ ಕಡೆ ಮುಖ ಮಾಡಿತ್ತು. ಆದರೆ 1898ರಲ್ಲಿ ಊರಿಗೆ ಬಂದವನಿಗೆ ಹಟ್ಟಿಯಲ್ಲಿ ಎತ್ತು ಕಾಣುತ್ತಿತ್ತು, ಮೂಲೆಯಲ್ಲಿ ಕುಂಟೆ, ರಂಟೆ ಇರುತ್ತಿದ್ದವು. 2020ರಲ್ಲಿ ಬಂದವನಿಗೆ ಸ್ವಂತ ಹೊಲ ಹೊಕ್ಕಬೇಕಾದರೂ ಮೊದಲು ಟ್ರ್ಯಾಕ್ಟರಿನವನಿಗೆ ಫೋನು ಮಾಡಬೇಕಿತ್ತು. ಹೊಲ ಆಗಲೇ ಲಾವಣಿಗೆ ಹೋಗಿದ್ದರೆ ಅದೂ ಇಲ್ಲ. ಅವರಲ್ಲಿ ಅನೇಕರು ಬಸ್ಸು, ರೈಲು ಶುರುವಾದೊಡನೆ ಬಂದ ದಾರಿಯಲ್ಲೇ ತಿರುಗಿ ಹೋದರು.

ಸೀಗಿ ಹುಣ್ಣಿಮೆಗೆ, ಎಳ್ಳ ಅಮವಾಸ್ಯೆಗೆ ಮಾತ್ರ ಅವರು ತಪ್ಪದೆ ಬರುತ್ತಾರೆ. ಆ ದಿನ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಬೆಳೆಗೆ ಪೂಜೆ ಮಾಡಿ, ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವುದು ಈ ಸೀಮೆಯ ಪದ್ಧತಿ. ಹುಬ್ಬಳ್ಳಿಯಿಂದ ಮೋಟಾರು ಸೈಕಲ್ ಮೇಲೆ, ಬಾಡಿಗೆ ಗಾಡಿಯಲ್ಲಿ ಮನೆಮಂದಿಯೆಲ್ಲ ಬರುತ್ತಾರೆ. ಬದುವಿನ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಬಳಿಯುತ್ತಾರೆ. ಲಾವಣಿ ಹಿಡಿದವನ ಮನೆಯವರೂ ಅದೇ ಹೊಲಕ್ಕೆ ತಮ್ಮ ಬುತ್ತಿಯೊಂದಿಗೆ ಬಂದಿರುತ್ತಾರೆ. ಬೆಳೆ ಅವರದು, ಹೊಲ ಇವರದು. ಎರಡೂ ಮನೆಯವರು ಒಂದೇ ಗಿಡದ ನೆರಳಿಗೆ ಕುಳಿತು ಉಣ್ಣುತ್ತಾರೆ, ಮುಂದಿನ ವರ್ಷದ ಲಾವಣಿಯ ಮಾತೂ ಅಲ್ಲೇ ಶುರುವಾಗುತ್ತದೆ.